ಸ್ಕ್ಯಾನ್ ಸರಿ ಇದ್ದರೆ ತಲೆನೋವು ನಾಟಕವೇ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ವ್ಯಕ್ತಿತ್ವದ ತೊಂದರೆ ಇದೆ ಎಂದು ಮನೋವೈದ್ಯರ ಚಿಕಿತ್ಸೆ ನಡೆಯುತ್ತಿದೆ. ತಿಂಗಳಿಗೆ ಮೂರ್ನಾಲ್ಕು ಸಲ ತಲೆಯ ಒಂದು ಪಕ್ಕ ಸಿಡಿಯುತ್ತದೆ, ವಾಂತಿ ಆಗುತ್ತದೆ, ಕತ್ತಲೆ ಕೋಣೆಯಲ್ಲಿ ಮಲಗಿಬಿಡುತ್ತಾಳೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಅಮ್ಮ ‘ನಾಟಕ’ ಅಂತಾರೆ. ಇದು ಮೈಗ್ರೇನಾ, ಮನಸ್ಸಿನದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡೂ ಇರಬಹುದಲ್ವಾ? ಮೈಗ್ರೇನ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ. ಹಾಗಂತ ನೋವು ಸುಳ್ಳಲ್ಲ. ಮೈಗ್ರೇನ್ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ಸ್ಕ್ಯಾನ್ ಮಾಡಿಸುವುದೇ ಬೇರೆ ಕಾಯಿಲೆ ಇಲ್ಲ ಎಂದು ನೋಡಲು.

ಮೈಗ್ರೇನ್ ಗುರುತಿಸುವುದು ಲಕ್ಷಣಗಳಿಂದ. ಔಷಧಿ ಇಲ್ಲದಿದ್ದರೆ ನೋವು 4ರಿಂದ 72 ಗಂಟೆ ಇರುತ್ತದೆ. ಒಂದೇ ಪಕ್ಕ, ಮಿಡಿಯುವ ನೋವು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು, ಜೊತೆಗೆ ವಾಕರಿಕೆ ಅಥವಾ ಬೆಳಕು-ಸದ್ದು ಎರಡೂ ತಡೆಯದಿರುವುದು. ಇಂಥದ್ದು ಕನಿಷ್ಠ 5 ಸಲ ಬಂದಿರಬೇಕು. ನೀವು ಬರೆದದ್ದು ಇದಕ್ಕೆ ಬಹಳ ಹತ್ತಿರವಿದೆ.

ಮನೋರೋಗದ ಚೀಟಿ ಇದ್ದವರ ವಿಷಯದಲ್ಲಿ ಎಡವಟ್ಟು ಆಗುವುದು ಇಲ್ಲೇ. ಅವರು ‘ಯಾವಾಗಲೂ ನೋವು, ಸಾಕಾಗಿದೆ’ ಎಂದು ಅಳುತ್ತಾ ಹೇಳುತ್ತಾರೆ, ಕೇಳುವವರು ಅಳು ನೋಡಿ ನೋವು ಎಷ್ಟು ಗಂಟೆ ಇತ್ತು ಎಂದು ಕೇಳುವುದನ್ನೇ ಬಿಡುತ್ತಾರೆ. ಅದಕ್ಕೇ ಡೈರಿ ಬರೆಸಿ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಗಂಟೆ ಇತ್ತು, ಮುಟ್ಟಿನ ದಿನವೇ, ಏನು ನುಂಗಿದಳು, ಎಲ್ಲವೂ. ಮೆಡಿಕಲ್ ಶಾಪಿನ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, 3 ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಇದನ್ನು ಜನ ಹೇಳುವುದೇ ಇಲ್ಲ.

‘ಜಗಳ ಆದ ದಿನವೇ ಬರುತ್ತೆ’ ಅನ್ನಬಹುದು. ಬರಬಹುದು. ನಮ್ಮೂರ ಏಪ್ರಿಲ್ ಬಿಸಿಲು, ಊಟ ತಪ್ಪಿಸುವುದು, ನಿದ್ದೆಗೇಡು ಕೂಡ ಕೆಣಕುತ್ತವೆ. ಕೆಣಕಿದ್ದೇ ಕಾಯಿಲೆಯ ಮೂಲ ಅಲ್ಲ. ತಲೆನೋವು ಮನೋರೋಗಕ್ಕಿಂತ ಎಷ್ಟೋ ವರ್ಷ ಮೊದಲೇ, ಶಾಲೆಯ ದಿನಗಳಲ್ಲೇ ಶುರುವಾಗಿತ್ತಾ ಎಂದು ಅಮ್ಮನನ್ನೇ ಕೇಳಿ. ಹಾಗಿದ್ದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದು ಕಷ್ಟ.

ನರರೋಗ ತಜ್ಞರಿಗೆ ಮನೋವೈದ್ಯರ ಚೀಟಿ ತೋರಿಸಿ, ಮುಚ್ಚಿಡಬೇಡಿ. ಅಮಿಟ್ರಿಪ್ಟಿಲಿನ್ ಮೈಗ್ರೇನಿಗೂ ಮನೋರೋಗಕ್ಕೂ ಕೊಡುವ ಮಾತ್ರೆ, ಇಬ್ಬರು ವೈದ್ಯರೂ ಬರೆದು ಎರಡೆರಡು ಸಲ ಆಗಬಾರದು. ವಾಲ್ಪ್ರೊಯೇಟ್ ಕೂಡ ಹಾಗೇ, ಆದರೆ ಗರ್ಭದ ಮಗುವಿಗೆ ಅಪಾಯ, ಈ ವಯಸ್ಸಿನಲ್ಲಿ ಅದನ್ನು ಕೇಳಿಯೇ ತಿಳಿದುಕೊಳ್ಳಿ. ಒಮ್ಮೆಲೇ ಎಂದೂ ಕಾಣದಂಥ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಕೈಕಾಲು ಸೋತರೆ ಡೈರಿ ಪಕ್ಕಕ್ಕಿಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.