ಸಂಡಾಸಿನಲ್ಲಿ ಕಂಡ ರಕ್ತವೆಲ್ಲ ಮೂಲವ್ಯಾಧಿಯದ್ದಲ್ಲ

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಇದೆ. ಬೆಳಿಗ್ಗೆ ಹತ್ತಕ್ಕೆ ಗಲ್ಲಾದ ಮುಂದೆ ಕೂತರೆ ಏಳುವುದು ರಾತ್ರಿ ಒಂಬತ್ತಕ್ಕೆ. ಕಳೆದ ವರ್ಷ ನಮ್ಮ ಅಣ್ಣನಿಗೆ 49ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದಾರೆ. ನನಗೂ ಬಂದುಬಿಟ್ಟರೆ ಎಂಬ ಹೆದರಿಕೆ. ಬೆಣ್ಣೆ ದೋಸೆ, ಮಿರ್ಚಿ-ಮಂಡಕ್ಕಿ ಎಲ್ಲಾ ಬಿಟ್ಟಿದ್ದೇನೆ. ಈ ನಡುವೆ ಎರಡು-ಮೂರು ಸಲ ಸಂಡಾಸಿನಲ್ಲಿ ರಕ್ತ ಬಂದಿತ್ತು. ಮೆಡಿಕಲ್ ಶಾಪಿನಲ್ಲಿ ಪೈಲ್ಸ್ ಅಂತ ಹೇಳಿ ಮುಲಾಮು ಕೊಟ್ಟರು, ಈಗ ನಿಂತಿದೆ. ಊಟದಲ್ಲಿ ಇನ್ನೇನು ಬದಲಾಯಿಸಲಿ?

ಉತ್ತರ: ನೀವು ಕೇಳಿದ್ದು ಊಟದ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರಕ್ತದ ಮಾತು.

ರಕ್ತ ನಿಂತಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಮೂಲವ್ಯಾಧಿಯ ರಕ್ತವೂ ಬಂದು ನಿಲ್ಲುತ್ತದೆ, ಕರುಳಿನಲ್ಲಿ ಗಡ್ಡೆ ಇದ್ದಾಗ ಬರುವ ರಕ್ತವೂ ಬಂದು ನಿಲ್ಲುತ್ತದೆ. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಒಬ್ಬರಿಗೇ ಎರಡೂ ಇರಬಹುದು. ನಮ್ಮ ಹತ್ತಿರ ತಡವಾಗಿ ಬರುವವರನ್ನು ಕೇಳಿದರೆ ಹೆಚ್ಚಿನವರದ್ದು ಒಂದೇ ಕಥೆ: ನಾಚಿಕೆಯಿಂದ ಮನೆಯಲ್ಲೂ ಹೇಳಲಿಲ್ಲ, ಪೈಲ್ಸ್ ಇರಬೇಕು ಅಂದುಕೊಂಡು ಆರು ತಿಂಗಳು ಮುಲಾಮು ಹಚ್ಚಿದರು, ಯಾರೋ ಹೇಳಿದ ನಾಟಿ ಔಷಧಿ ತಿಂದರು. ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಗುದನಾಳದಲ್ಲೇ, ಅಂದರೆ ಕರುಳಿನ ಕೊನೆಯ ಭಾಗದಲ್ಲಿ, ಬಹಳ ಮಂದಿಗೆ ಕಾಣಿಸಿಕೊಳ್ಳುತ್ತದೆ. ಅಲ್ಲಿಯದಾದರೆ ಎಷ್ಟೋ ಸಲ ಡಾಕ್ಟರ ಬೆರಳಿಗೇ ಸಿಗುತ್ತದೆ. ಎರಡು ನಿಮಿಷದ ಪರೀಕ್ಷೆ ಅದು. ಅದನ್ನೂ ಮಾಡಿಸದೆ ಮುಲಾಮು ಹಚ್ಚಿಕೊಂಡು ಕೂರುವುದು ನನಗೆ ತುಂಬಾ ನೋವಿನ ಸಂಗತಿ.

ಇನ್ನು ನಿಮ್ಮ ಮನೆತನದ ವಿಷಯ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಹಾಗಂತ ಬಂದೇ ಬರುತ್ತದೆ ಎಂದಲ್ಲ. ಅಂಥವರು 40ನೇ ವಯಸ್ಸಿಗೆ, ಇಲ್ಲವೇ ಮನೆಯವರಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ನಿಮ್ಮ ಅಣ್ಣನಿಗೆ 49. ನಿಮ್ಮ ಲೆಕ್ಕ 39ಕ್ಕೆ ಬರುತ್ತದೆ. ಅಂದರೆ ರಕ್ತ ಬರದೇ ಇದ್ದಿದ್ದರೂ ನಿಮಗೆ ಈ ಪರೀಕ್ಷೆ ಬೇಕಿತ್ತು. ನಿಮ್ಮ ಅಕ್ಕ-ತಂಗಿಯರಿಗೂ ಇದೇ ಮಾತು. ಮನೆಯಲ್ಲಿ ಇನ್ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಆಗಿತ್ತೇ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೆಲವು ಮನೆತನಗಳಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ.

ಕೊಲೊನೋಸ್ಕೋಪಿ ಎಂದರೆ ಸುಮ್ನೆ ಹೆದರುತ್ತಾರೆ. ತೆಳ್ಳನೆಯ, ಬಾಗುವ ಕೊಳವೆಯ ತುದಿಗೆ ಕ್ಯಾಮೆರಾ ಇರುತ್ತದೆ. ಗುದದ್ವಾರದಿಂದ ಒಳಬಿಟ್ಟು ದೊಡ್ಡ ಕರುಳು ಪೂರ್ತಿ ನೋಡುತ್ತಾರೆ. ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಸುಮಾರು ಅರ್ಧ ಗಂಟೆಯ ಕೆಲಸ. ನಿಜವಾದ ಕಷ್ಟ ಹಿಂದಿನ ದಿನದ್ದು. ಭೇದಿಯ ಔಷಧಿಯನ್ನು ನೀರಿಗೆ ಕಲಸಿ ಲೀಟರುಗಟ್ಟಲೆ ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು. ಅಂಗಡಿಗೆ ರಜೆ ಹಾಕಿ. ಪರೀಕ್ಷೆಯ ದಿನ ಜೊತೆಗೆ ಯಾರಾದರೂ ಬರಲಿ, ಗಾಡಿ ಓಡಿಸಬೇಡಿ.

ಇದರ ದೊಡ್ಡ ಲಾಭ ಬೇರೆಯೇ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಕೊಲೊನೋಸ್ಕೋಪಿಯಲ್ಲಿ ಗಂಟು ಕಂಡರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಬರುವ ಕ್ಯಾನ್ಸರನ್ನು ಬರುವ ಮೊದಲೇ ಕಿತ್ತು ಹಾಕಿದ ಹಾಗೆ. ಯಾವ ಪಥ್ಯದಿಂದಲೂ ಇಷ್ಟು ಸಾಧ್ಯವಿಲ್ಲ. ಏನೂ ಇಲ್ಲವೆಂದಾದರೆ ನಿಮ್ಮಂಥವರು ಐದು ವರ್ಷಕ್ಕೆ ಮತ್ತೆ ನೋಡಿಸಿದರೆ ಸಾಕು.

ಈಗ ಊಟ. ಬೆಣ್ಣೆ ದೋಸೆಯಿಂದ ಕರುಳಿನ ಕ್ಯಾನ್ಸರ್ ಬರುವುದಿಲ್ಲ. ತಿಂಗಳಲ್ಲಿ ಒಂದೆರಡು ಸಲ ತಿನ್ನಿ. ಕೆಡುಕು ಇರುವುದು ಏರುವ ಹೊಟ್ಟೆಯಲ್ಲಿ, ಕೂತೇ ಕಳೆಯುವ ಹನ್ನೊಂದು ಗಂಟೆಯಲ್ಲಿ, ಬೀಡಿ-ಸಿಗರೇಟಿನಲ್ಲಿ, ಕುಡಿತದಲ್ಲಿ. ಮಾಂಸ ತಿನ್ನುವವರಾದರೆ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮಟನ್ ವಾರಕ್ಕೊಮ್ಮೆ ಇರಲಿ.

ಭದ್ರಾ ನಾಲೆ ಬಂದ ಮೇಲೆ ನಮ್ಮ ಕಡೆ ಮೂರು ಹೊತ್ತೂ ಬಿಳಿ ಅನ್ನ ಜಾಸ್ತಿಯಾಯಿತು. ಅದರಲ್ಲಿ ನಾರು ಕಡಿಮೆ. ಜಗಳೂರು ಸೀಮೆಯ ಹಿರಿಯರು ಉಂಡ ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆ ಅನ್ನ ದಿನಕ್ಕೊಂದು ಹೊತ್ತಾದರೂ ತಟ್ಟೆಗೆ ಬರಲಿ. ಜೊತೆಗೆ ಅಲಸಂದೆ, ಹೆಸರುಕಾಳು, ಸೊಪ್ಪಿನ ಪಲ್ಯ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಕುಂದವಾಡ ಕೆರೆಯ ಏರಿ ಮೇಲೆ ಬಿರುಸಾಗಿ ಅರ್ಧ ಗಂಟೆ ನಡೆಯಿರಿ, ವಾರಕ್ಕೆ ಐದು ದಿನ.

ಆದರೆ ಇದೆಲ್ಲ ನಾಳೆಯಿಂದ. ಸರ್ಜನ್ ಹತ್ತಿರ ಹೋಗುವುದು ಈ ವಾರವೇ. ಮಲದಲ್ಲಿ ಅಡಗಿದ ರಕ್ತ ಪತ್ತೆ ಮಾಡುವ ಪರೀಕ್ಷೆಯೊಂದಿದೆ. ಕಣ್ಣಿಗೇ ರಕ್ತ ಕಂಡಿರುವ ನಿಮಗೆ ಅದೊಂದೇ ಸಾಲದು.

ಪ್ರಶ್ನೆ: ಚನ್ನಗಿರಿಯಲ್ಲಿರುವ ನಮ್ಮ ಅಮ್ಮನಿಗೆ 63. ಆರು ತಿಂಗಳಿಂದ ಮಲಬದ್ಧತೆ, ಮೊದಲು ಇರಲಿಲ್ಲ. ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದರೆ ಕರುಳು ತೊಳೆದು ಕ್ಯಾನ್ಸರ್ ಬರಲ್ಲ ಅಂತಾರೆ. ರಕ್ತ ಬೇರೆ 8 ಗ್ರಾಂಗೆ ಇಳಿದಿದೆ, ಮಾತ್ರೆ ತಗೋತಿದ್ದಾರೆ. ಹರಳೆಣ್ಣೆ ಮುಂದುವರಿಸಬಹುದಾ?

ಉತ್ತರ: ಹರಳೆಣ್ಣೆಯಿಂದ ಭೇದಿಯಾಗುತ್ತದೆ, ಕ್ಯಾನ್ಸರ್ ತಡೆಯುವುದಿಲ್ಲ. ನನಗೆ ಚಿಂತೆ ಇರುವುದು ಉಳಿದೆರಡು ಮಾತಿನ ಬಗ್ಗೆ. 60 ದಾಟಿದ ಮೇಲೆ ಹೊಸದಾಗಿ ಬಂದ ಮಲಬದ್ಧತೆ, ಜೊತೆಗೆ ಮುಟ್ಟು ನಿಂತ ಹೆಂಗಸಿಗೆ ರಕ್ತ ಕಡಿಮೆ. ಕರುಳಿನ ಬಲಭಾಗದ ಗಡ್ಡೆಯಿಂದ ದಿನವೂ ಸ್ವಲ್ಪ ಸ್ವಲ್ಪ ರಕ್ತ ಸೋರಿದರೆ ಕಣ್ಣಿಗೆ ಕಾಣುವುದೇ ಇಲ್ಲ, ಸುಸ್ತು ಮಾತ್ರ ಕಾಣುತ್ತದೆ. ಹೊಟ್ಟೆಯ ಹುಣ್ಣಿನಿಂದಲೂ ಹೀಗಾಗಬಹುದು. ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕದೆ ಬರೀ ಮಾತ್ರೆ ನುಂಗಿಸುವುದು ಸರಿಯಲ್ಲ. ಅಮ್ಮನನ್ನು ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಬಿಟ್ಟು ಹೊಟ್ಟೆಯ ಒಳಗೆ ನೋಡುವುದು), ಕೊಲೊನೋಸ್ಕೋಪಿ ಎರಡರ ಬಗ್ಗೆಯೂ ಕೇಳಿ. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಮಲ ಕಪ್ಪಗಾಗುತ್ತದೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಕೊಲೊನೋಸ್ಕೋಪಿಗೆ ಕೆಲವು ದಿನ ಮುಂಚೆ ಆ ಮಾತ್ರೆ ನಿಲ್ಲಿಸಬೇಕಾಗುತ್ತದೆ.