ಚೆರ್ರಿ ಶ್ರಿಂಪ್ ಮರಿಗಳು ನಾಲ್ಕೈದು ದಿನದಲ್ಲೇ ಕಾಣೆ ಆಗ್ತವೆ, ಎಂತ ಮಾಡುದು?

ಪ್ರಶ್ನೆ: ನಮ್ಮದು ಉಡುಪಿ ಹತ್ರ ಬ್ರಹ್ಮಾವರ ಕಡೆ. ಎರಡು ಫೀಟಿನ ಟ್ಯಾಂಕಲ್ಲಿ ರೆಡ್ ಚೆರ್ರಿ ಶ್ರಿಂಪ್, ಅಂದ್ರೆ ಸಣ್ಣ ಕೆಂಪು ಸಿಗಡಿ ಉಂಟು, ಹಾಕುದು ಬಾವಿ ನೀರು. ತಾಯಿಯ ಹೊಟ್ಟೆ ಅಡಿಯಲ್ಲಿ ಮೊಟ್ಟೆ ಕಾಣ್ತದೆ, ಮರಿನೂ ಆಗ್ತದೆ, ನಾಲ್ಕೈದು ದಿನ ಗಾಜಿನ ಮೇಲೆ ಓಡಾಡ್ತವೆ, ಆಮೇಲೆ ಒಂದೂ ಇಲ್ಲ. ಗಪ್ಪಿ ಮೀನು ಎಲ್ಲ ತೆಗ್ದಾಯ್ತು. ಹ್ಯಾಂಗಿಂಗ್ ಫಿಲ್ಟರ್ ಉಂಟು, ಒಂದು ಏರ್ ಪಂಪ್ ಕೂಡ ಉಂಟು. ದೊಡ್ಡವು ಸಹ ಪೊರೆ ಬಿಡುವಾಗ ಆಗಾಗ ಸಾಯ್ತವೆ. ಅಂಗಡಿಯವರು ಸ್ವಲ್ಪ ಉಪ್ಪು ಹಾಕಿ, ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಕೊಡಿ ಅಂತಾರೆ. ಸರಿಯಾ?

ಉತ್ತರ: ಉಪ್ಪು ಬೇಡ, ಹಳದಿನೂ ಬೇಡ, ಕೊಡ್ತಿದ್ರೆ ಇವತ್ತೇ ನಿಲ್ಸಿ. ಚೆರ್ರಿ ಶ್ರಿಂಪ್ ತೈವಾನ್, ಚೀನಾ ಕಡೆಯ ಅಪ್ಪಟ ಸಿಹಿನೀರಿನ ಜಾತಿ, ನಿಯೋಕಾರಿಡಿನಾ ಅಂತ ಹೇಳ್ತಾರಲ್ಲ ಅದು, ಇದಕ್ಕೆ ನೀರಲ್ಲಿ ತೇಲ್ತಾ ಬೆಳೆಯುವ ಲಾರ್ವಾ ಹಂತವೇ ಇಲ್ಲ. ಮೊಟ್ಟೆ ಒಡೆದು ಬರುವಾಗ್ಲೇ 2 ಮಿಲಿಮೀಟರ್ ಆಸುಪಾಸಿನ ಪೂರ್ತಿ ಶ್ರಿಂಪ್, ಬಂದ ಕ್ಷಣದಿಂದ ತಾನೇ ಹುಡುಕಿ ತಿನ್ತದೆ. ಮೊಟ್ಟೆಯ ಹಳದಿ ನೀರಲ್ಲಿ ಕರಗಿ ಕೊಳೆತು ಅಮೋನಿಯಾ ಮಾಡ್ತದೆ, ಮರಿಗೆ ಅದೇ ವಿಷ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅಂತ ಕಂಡದ್ದು ಕೊನೆಗೆ ಹೇಳಿದ ಮಾತು, ದೊಡ್ಡವು ಪೊರೆ ಬಿಡುವಾಗ ಸಾಯ್ತವೆ ಅಂದ್ರಲ್ಲ, ಅದು. ಸತ್ತದ್ದನ್ನ ಹತ್ತಿರದಿಂದ ನೋಡಿ, ತಲೆ ಭಾಗಕ್ಕೂ ಬೆನ್ನಿಗೂ ನಡುವೆ ಬಿಳಿ ಪಟ್ಟಿ ಸುತ್ತ ಬಂದಿದ್ರೆ ಹಳೆ ಚಿಪ್ಪಿನಿಂದ ಹೊರಗೆ ಬರ್ಲಿಕ್ಕೆ ಆಗದೆ ಸತ್ತದ್ದು ಅಂತ ಅರ್ಥ. ನಮ್ಮ ಕರಾವಳಿಯ ಮುರಕಲ್ಲು ನೆಲದ ಬಾವಿ ನೀರು ಕುಡೀಲಿಕ್ಕೆ ಬಹಳ ರುಚಿ, ಆದ್ರೆ ತುಂಬಾ ಸಾಫ್ಟ್, ಸ್ವಲ್ಪ ಹುಳಿ ಗುಣ ಬೇರೆ, ಅಂದ್ರೆ ಅದ್ರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ತೀರಾ ಕಮ್ಮಿ ಇರ್ತದೆ, ಹೊಸ ಚಿಪ್ಪು ಗಟ್ಟಿ ಆಗ್ಲಿಕ್ಕೆ ಬೇಕಾದದ್ದೇ ಅದು. ದೊಡ್ಡವು ಮೂರು ನಾಲ್ಕು ವಾರಕ್ಕೊಮ್ಮೆ ಪೊರೆ ಬಿಟ್ರೆ ಮರಿಗಳು ಬೇಗ ಬೇಗ ಬೆಳೀತವೆ ಅಲ್ವಾ, ಹಾಗಾಗಿ ಕೆಲವೇ ದಿನಕ್ಕೊಮ್ಮೆ ಬಿಡ್ತವೆ, ಅದಕ್ಕೆ ಮೊದಲ ಪೆಟ್ಟು ಅವಕ್ಕೆ. ಸತ್ತ ಮರಿ ನಿಮಗೆ ಕಾಣುದೂ ಇಲ್ಲ, ಉಳಿದವು ತಿಂದು ಮುಗಿಸ್ತವೆ.

ಹಾಗಾಗಿ ಮೊದಲು ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಷಿಯಂ ಒಟ್ಟು ಎಷ್ಟುಂಟು ಅಂತ) ಮತ್ತು ಕೆಎಚ್ (ಪಿಎಚ್ ಏರುಪೇರು ಆಗದ ಹಾಗೆ ತಡೆಯುವ ಕಾರ್ಬೊನೇಟ್ ಅಂಶ) ನೋಡುವ ಡ್ರಾಪ್ ಟೆಸ್ಟ್ ಕಿಟ್ ತಗೊಳ್ಳಿ. ಜಿಎಚ್ 6ರಿಂದ 8, ಕೆಎಚ್ 2ರಿಂದ 5, ನೀರಿನ ಹುಳಿ ಗುಣ ತೋರಿಸುವ ಪಿಎಚ್ 7ರ ಆಚೀಚೆ ಇದ್ರೆ ಚೆರ್ರಿಗೆ ಆರಾಮ. ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುವ ಟಿಡಿಎಸ್ ಮೀಟರನ್ನ ಮಾತ್ರ ನಂಬಿ ಕೂತ್ಕೊಳ್ಬೇಡಿ, ಮಲ್ಪೆ, ಕಾಪು, ಸುರತ್ಕಲ್ ಕಡೆ ಕಡಲಿಗೆ ತಾಗಿದ ಬಾವಿಗಳಲ್ಲಿ ಬೇಸಿಗೆಗೆ ಟಿಡಿಎಸ್ ಮೇಲೆ ಹೋಗ್ತದೆ, ಜನ ಹಾರ್ಡ್ ನೀರು ಅಂದ್ಕೊಳ್ತಾರೆ, ಆದ್ರೆ ಅದ್ರಲ್ಲಿ ದೊಡ್ಡ ಪಾಲು ಉಪ್ಪು. ಮತ್ತೆ ಏಪ್ರಿಲಲ್ಲಿ ಮಾಡಿದ ಟೆಸ್ಟ್ ಜುಲೈಗೆ ಆಗುದಿಲ್ಲ, ಮಳೆಗೆ ಬಾವಿ ತುಂಬಿದ ಮೇಲೆ ನೀರು ಇನ್ನೂ ಸಾಫ್ಟ್ ಆಗ್ತದೆ.

ಕಮ್ಮಿ ಉಂಟಾದ್ರೆ ಶ್ರಿಂಪಿಗೆ ಅಂತಲೇ ಸಿಗುವ ಜಿಎಚ್ ಕೆಎಚ್ ಮಿನರಲ್ ಪೌಡರ್ ಒಳ್ಳೇದು, ಅದ್ರಲ್ಲಿ ಮೆಗ್ನೀಷಿಯಂ ಕೂಡ ಇರ್ತದೆ. ಮನೆಯಲ್ಲೇ ಇರುವ ದಾರಿ ಅಂದ್ರೆ ಮರ್ವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು. ಪದಾರ್ಥ ಮಾಡುವ ಮೊದ್ಲೇ ಬೇರೆ ಮಾಡಿದ ಚಿಪ್ಪು ಆಗ್ಬೇಕು, ಮಸಾಲೆ, ಎಣ್ಣೆ ತಾಗಿದ್ದು ಬೇಡ, ಚೆನ್ನಾಗಿ ಉಜ್ಜಿ ಕುದಿಸಿ ಬಿಸಿಲಿಗೆ ಒಣಗಿಸಿ ಜಜ್ಜಿ ಒಂದು ಹಿಡಿ ಆಗುವಷ್ಟು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ನೀರು ಬೀಳುವಲ್ಲಿ ಇಡಿ. ಹುಳಿ ನೀರಲ್ಲಿ ಅದು ನಿಧಾನ ಕರಗ್ತದೆ, ಪಿಎಚ್ ಏರಿದ ಹಾಗೆ ಕರಗುದೂ ಕಮ್ಮಿ ಆಗ್ತದೆ, ಹಾಗಾಗಿ ಹೆದ್ರಿಕೆ ಇಲ್ಲ, ಆದ್ರೆ ವಾರಕ್ಕೊಮ್ಮೆ ಟೆಸ್ಟ್ ಮಾಡ್ತಾ ಇರಿ. ಅರ್ಧ ಟ್ಯಾಂಕ್ ನೀರು ಒಮ್ಮೆಲೇ ಬದಲಾಯಿಸುದು ಮಾತ್ರ ಯಾವತ್ತೂ ಬೇಡ, ನೀರಿನ ಗುಣ ಫಕ್ಕ ಬದಲಾದ್ರೆ ಸಮಯ ಆಗುವ ಮೊದ್ಲೇ ಪೊರೆ ಬಿಟ್ಟು ಸಾಯ್ತವೆ. ವಾರಕ್ಕೆ ಶೇ 10, ಅದೂ ಏರ್ ಪೈಪಿನಿಂದ ಹನಿ ಹನಿಯಾಗಿ. ಮಂಗಳೂರು ಪೇಟೆಯಲ್ಲಿ ತುಂಬೆ ಡ್ಯಾಮಿನ ನಳ್ಳಿ ನೀರು ಬಳಸುವವರು ಇದ್ರ ಜೊತೆ ಕ್ಲೋರಿನ್ ತೆಗೆಯುವ ಡ್ರಾಪ್ಸ್ ಮರೀಬಾರ್ದು.

ಈಗ ಎರಡನೇದು, ನೀವು ಬರೆದೇ ಇಲ್ಲ, ಆದ್ರೆ ನಮ್ಮೂರಿನ ಯಾರೇ ಕೇಳಿದ್ರೂ ನಾನು ಇದನ್ನ ಕೇಳಿಯೇ ಕೇಳ್ತೇನೆ: ಟ್ಯಾಂಕ್ ಇರುವ ರೂಮಲ್ಲಿ ಸೊಳ್ಳೆ ಲಿಕ್ವಿಡ್, ಮ್ಯಾಟ್, ಕಾಯಿಲ್ ಹಾಕ್ತೀರಾ? ಅದ್ರಲ್ಲಿ ಇರುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ, ಸೊಳ್ಳೆ ಹಾಗೆ ಸಿಗಡಿಯೂ ಸಂಧಿಪದಿ, ಮೀನಿಗಿಂತಲೂ ಬೇಗ ಅದಕ್ಕೆ ತಾಗ್ತದೆ. ಏರ್ ಪಂಪ್ ರೂಮಿನ ಗಾಳಿಯನ್ನೇ ಎಳೆದು ನೀರೊಳಗೆ ಬಿಡುದಲ್ವಾ, ರಾತ್ರಿ ಇಡೀ ವಿಷ ಸಣ್ಣಕ್ಕೆ ಒಳಗೆ ಹೋಗ್ತಾ ಇರ್ತದೆ. ದೊಡ್ಡವು ಹೇಗೋ ತಡ್ಕೊಂಡ್ರೂ ಮರಿ ತಡ್ಕೊಳ್ಳುದು ಕಷ್ಟ. ಮಲೇರಿಯಾ, ಡೆಂಗ್ಯೂ ಇರುವ ಊರು ನಮ್ದು, ಸೊಳ್ಳೆಗೆ ಎಂತದೂ ಮಾಡ್ಬೇಡಿ ಅಂತ ಖಂಡಿತ ಹೇಳುದಿಲ್ಲ, ಆ ರೂಮಿಗೆ ಸೊಳ್ಳೆಪರದೆ ಮತ್ತೆ ಕಿಟಕಿಗೆ ನೆಟ್ ಮಾಡಿ, ಲಿಕ್ವಿಡ್ ಬೇಕೇ ಬೇಕಾದ್ರೆ ಟ್ಯಾಂಕನ್ನೇ ಬೇರೆ ಕಡೆ ಇಡಿ. ಫಾಗಿಂಗಿಗೆ ಬಂದಾಗ ಕಿಟಕಿ ಹಾಕಿ, ಟ್ಯಾಂಕ್ ಮುಚ್ಚಿ, ಹೊಗೆ ಹೋಗುವವರೆಗೆ ಪಂಪ್ ಆಫ್ ಮಾಡಿ.

ತೋಟ ಇದ್ರೆ ಇನ್ನೊಂದು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡ್ತೇವಲ್ಲ, ಅದ್ರಲ್ಲಿರುದು ಮೈಲುತುತ್ತು, ಅಂದ್ರೆ ತಾಮ್ರ, ಸಿಗಡಿ ಜಾತಿಗೆ ಅದು ಬಹಳ ಸ್ವಲ್ಪ ಇದ್ರೂ ಮಾರಕ. ಆ ಡ್ರಮ್ಮು, ಬಕೆಟು, ಪೈಪು ಟ್ಯಾಂಕಿನ ಹತ್ರ ಬರಲೇಬಾರ್ದು, ತಾಮ್ರದ ಹಂಡೆ, ಕೊಡದಲ್ಲಿ ಇಟ್ಟ ನೀರೂ ಬೇಡ. ಮೀನಿನ ಔಷಧಿ ಹಾಕುವ ಮೊದ್ಲು ಬಾಟ್ಲಿಯಲ್ಲಿ ಕಾಪರ್ ಅಂತ ಬರೆದುಂಟಾ ನೋಡಿ.

ಫಿಲ್ಟರ್ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಹ್ಯಾಂಗಿಂಗ್ ಫಿಲ್ಟರಿನ ಬಾಯಿಗೆ ಸಣ್ಣ ತೂತಿನ ಸ್ಪಂಜ್ ಹಾಕಿ, ಇಲ್ಲದಿದ್ರೆ ಮರಿಗಳನ್ನ ಅದೇ ಎಳೀತದೆ, ಅದ್ರ ಡಬ್ಬ ಬಿಚ್ಚಿ ನೋಡಿದ್ರೆ ಕೆಲವು ಮರಿ ಜೀವಂತ ಸಿಕ್ಕಿದ್ರೂ ಸಿಕ್ಕೀತು. ಮರಿ ಬೇಕು ಅಂತ ಇರುವವರಿಗೆ ಏರ್ ಪಂಪಿನ ಸ್ಪಂಜ್ ಫಿಲ್ಟರೇ ಒಳ್ಳೇದು, ಸ್ಪಂಜ್ ಮೇಲೆ ಕೂತು ತಿನ್ತಾ ಇರ್ತವೆ.

ಊಟ ಅಂದ್ರೆ ಬಯೋಫಿಲ್ಮ್, ಗಾಜು, ಎಲೆ, ಪಾಚಿ ಮೇಲೆ ತಾನಾಗಿ ಬರುವ ಲೋಳೆ. ಮರಿಗಳು ಊಟ ಹುಡ್ಕೊಂಡು ದೂರ ಹೋಗುದಿಲ್ಲ, ಇದ್ದಲ್ಲೇ ಸಿಗ್ಬೇಕು, ಅದಕ್ಕೆ ತೀರಾ ಹೊಸ, ಫಳಫಳ ಉಜ್ಜಿದ ಟ್ಯಾಂಕಲ್ಲಿ ಮರಿ ಉಳಿಯುದಿಲ್ಲ. ಜಾವಾ ಮಾಸ್ ಅಂತ ಸಿಗುವ ನೀರಿನ ಹಾವಸೆ ಗಿಡ ದಟ್ಟ ಹಾಕಿ. ಕಾಡುಬಾದಾಮಿ ಮರದಿಂದ ತಾನಾಗಿ ಬಿದ್ದ ಒಣ ಎಲೆ, ರಸ್ತೆ ಧೂಳಿಂದ ದೂರ ಇದ್ದದ್ದು, ತೊಳೆದು ಒಂದೆರಡು ಹಾಕಿ, ಎರಡು ವಾರದಲ್ಲಿ ಅದ್ರ ಮೇಲೆ ಮರಿಗಳು ತುಂಬಿರ್ತವೆ, ನೋಡ್ಲಿಕ್ಕೇ ಖುಷಿ. ವಾರಕ್ಕೊಮ್ಮೆ ಮನೆಯ ಹಿತ್ತಲಿನ ಬಸಳೆ ಎಲೆ ಬಿಸಿನೀರಲ್ಲಿ ಬಾಡಿಸಿ ಕೊಡಿ, ಔಷಧಿ ಹೊಡೆದ ಸೊಪ್ಪು ಬೇಡ, ಉಳಿದದ್ದು ಕೆಲವು ಗಂಟೆಯಲ್ಲಿ ತೆಗೀರಿ. ಕೆರೆ, ಗದ್ದೆಯಿಂದ ಗಿಡ ತಂದು ಹಾಕುದು ಬೇಡ, ಏರೋಪ್ಲೇನ್ ಚಿಟ್ಟೆಯ ಮರಿಹುಳ ಅದ್ರ ಜೊತೆ ಬಂದ್ರೆ ಶ್ರಿಂಪ್ ಮರಿಗಳನ್ನ ಒಂದೊಂದಾಗಿ ಹಿಡಿದು ಖಾಲಿ ಮಾಡ್ತದೆ.

ಮಾರ್ಚಿನಿಂದ ಮೇವರೆಗೆ ಸೆಖೆ ನೋಡ್ಕೊಳ್ಳಿ. 22ರಿಂದ 26 ಡಿಗ್ರಿ ಒಳ್ಳೇದು, 30 ದಾಟಿದ್ರೆ ನೀರಲ್ಲಿ ಆಕ್ಸಿಜನ್ ಕಮ್ಮಿ ಆಗಿ ತಾಯಿ ಮೊಟ್ಟೆ ಉದುರಿಸುದೂ ಉಂಟು. ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ರೆ ಇಳೀತದೆ, ಕಡಲ ಬದಿಯ ಹಬೆಗೆ ಬಯಲುಸೀಮೆಯಲ್ಲಿ ಇಳಿದಷ್ಟು ಇಳಿಯುದಿಲ್ಲ, ಆದ್ರೂ ಒಂದೆರಡು ಡಿಗ್ರಿ ಸಿಕ್ಕಿದ್ರೆ ಸಾಕು. ಆವಿ ಆದಷ್ಟು ನೀರು ತುಂಬಿಸ್ಲಿಕ್ಕೆ ಮಾತ್ರ ನಿಮ್ಮ ಆ ಸಾಫ್ಟ್ ಬಾವಿ ನೀರೇ ಒಳ್ಳೇದು, ಯಾಕಂದ್ರೆ ಮಿನರಲ್ ಆವಿ ಆಗಿ ಹೋಗುದಿಲ್ಲ, ಟ್ಯಾಂಕಲ್ಲೇ ಉಳೀತದೆ.

ಪ್ರಶ್ನೆ: ಮಂಗಳೂರು, ಗುರುಪುರ ಹೊಳೆ ಬದಿ ಮನೆ. ಹೊಳೆಯ ಸಣ್ಣ ಸಿಗಡಿ ಮರಿ ತಂದು ಚೆರ್ರಿ ಜೊತೆ ಸಾಕಬಹುದಾ, ಮರಿ ಹಾಕ್ತದಾ?

ಉತ್ತರ: ಚೆರ್ರಿ ಜೊತೆ ಬೇಡ. ಹೊಳೆಯಲ್ಲಿ ಸಿಗುವ ಉದ್ದ ಕೈಯವು ಮ್ಯಾಕ್ರೋಬ್ರೇಕಿಯಂ ಜಾತಿಯವು, ಚೆರ್ರಿ ಮರಿ ಸಿಕ್ಕಿದ್ರೆ ತಿಂದೇ ತಿನ್ತವೆ, ಅದ್ರಲ್ಲೂ ದೊಡ್ಡ ಜಾತಿಯ ಗಂಡು 30 ಸೆಂಟಿಮೀಟರ್‌ವರೆಗೂ ಬೆಳೀತದೆ. ಆ ದೊಡ್ಡ ಜಾತಿಯ ತಾಯಿ ಮೊಟ್ಟೆ ಹೊತ್ತು ಅಳಿವೆ ಕಡೆಗೆ ಇಳೀತದೆ, ಲಾರ್ವಾಗಳಿಗೆ ಲೀಟರಿಗೆ 12 ಗ್ರಾಂ ಆಸುಪಾಸು ಉಪ್ಪಿರುವ ನೀರು ಬೇಕು, 11 ಹಂತ ದಾಟಿದ ಮೇಲೆಯೇ ಅದು ಸಿಗಡಿ ರೂಪಕ್ಕೆ ಬಂದು ಹೊಳೆ ಹತ್ತುದು, ಹಾಗಾಗಿ ಸಿಹಿನೀರಿನ ಟ್ಯಾಂಕಲ್ಲಿ ಮೊಟ್ಟೆ ಒಡೆದ್ರೂ ಮರಿ ಉಳಿಯುದಿಲ್ಲ. ಬೇರೆ ದೊಡ್ಡ ಟ್ಯಾಂಕಲ್ಲಿ ಒಂದನ್ನೇ ಸಾಕಿ ನೋಡುವ ಆಸೆ ಇದ್ರೆ ಆಗಬಹುದು, ಮುಚ್ಚಳ ಗಟ್ಟಿ ಇರ್ಲಿ, ಹತ್ತಿ ಹೊರಗೆ ಬರ್ತವೆ. ಚೆರ್ರಿ ಜಾಸ್ತಿ ಆಯ್ತು ಅಂತ ಹೊಳೆಗೆ ಬಿಡುದು ಮಾತ್ರ ಮಾಡ್ಬೇಡಿ, ಹೊರಗಿನ ಜಾತಿ ಅದು, ಸಾಕುವ ಬೇರೆಯವರಿಗೆ ಕೊಡಿ.