ಎತ್ತರದ ಸರೋವರಗಳಲ್ಲಿ ಟ್ರೌಟ್ ಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನೂ ನನ್ನ ಪತ್ನಿಯೂ ಐವತ್ತೈದು ದಾಟಿದವರು. ದಿನವೂ ಒಂದು ಗಂಟೆ ನಡೆಯುತ್ತೇವೆ, ಆದರೆ ಬೆಟ್ಟ ಹತ್ತಿ ರೂಢಿಯಿಲ್ಲ. ಸುಮಾರು 3,000 ಮೀಟರ್ ಎತ್ತರದ ಸರೋವರವೊಂದಕ್ಕೆ ಹೋಗಿ ಗಾಳ ಹಾಕಬೇಕೆಂಬ ಆಸೆಯಿದೆ. ‘ಸುಲಭದ ಚಾರಣ’ ಎಂಬ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ದಾರಿಯ ಉದ್ದವನ್ನಷ್ಟೇ ನೋಡಿ ‘ಸುಲಭ’ ಎಂದಿದ್ದರೆ ನಂಬಬೇಡಿ, ಏರು ಎಷ್ಟಿದೆ ಎಂದು ಕೇಳಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 4 ಕಿಲೋಮೀಟರ್ ದೂರ, 300 ಮೀಟರ್ ಏರು ಇರುವ ದಾರಿಗೆ ಈ ಲೆಕ್ಕದಂತೆ ಒಂದು ಗಂಟೆ ಇಪ್ಪತ್ತು ನಿಮಿಷ ಸಾಕು. ಆದರೆ 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡ 70ರಷ್ಟು ಮಾತ್ರ ಇರುವುದರಿಂದ, ನಿಮ್ಮ ವಯಸ್ಸಿನವರು ಎರಡು ಗಂಟೆಯನ್ನು ತೆಗೆದಿರಿಸಿಕೊಳ್ಳುವುದೇ ಸರಿ. ನಡೆಯುತ್ತಾ ಒಬ್ಬರಿಗೊಬ್ಬರು ಮಾತನಾಡಿ. ಒಂದು ವಾಕ್ಯವನ್ನು ಮುಗಿಸುವುದರೊಳಗೆ ಏದುಸಿರು ಬಂದರೆ ನಡಿಗೆ ಜೋರಾಯಿತೆಂದೇ ತಿಳಿಯಿರಿ.

ಎತ್ತರದ ಕಾಯಿಲೆ ಸುಮಾರು 2,500 ಮೀಟರಿನಿಂದಲೇ ತಲೆಹಾಕಬಹುದು, ಅದು ದೇಹದಾರ್ಢ್ಯವನ್ನು ನೋಡಿ ಬರುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ರಾತ್ರಿ ಸರೋವರಕ್ಕಿಂತ ಕೆಳಗಿನ ಊರಿನಲ್ಲಿ ತಂಗಿ, ಆಮೇಲೆ ಮೇಲಕ್ಕೆ ಹೋಗಿ. ತಲೆನೋವಿನ ಜೊತೆಗೆ ವಾಕರಿಕೆ ಕಾಣಿಸಿಕೊಂಡರೆ ಮುಂದಕ್ಕೆ ಏರದೆ ಅಲ್ಲೇ ನಿಲ್ಲಿ, ಅದು ಹೆಚ್ಚಾಗುತ್ತಾ ಹೋದರೆ ಮೀನಿನ ಆಸೆಯನ್ನು ಬಿಟ್ಟು ಕೆಳಗಿಳಿಯಿರಿ. ಈ ಒಂದು ವಿಷಯದಲ್ಲಿ ‘ಇನ್ನೇನು ಬಂದೇಬಿಟ್ಟಿತು’ ಎಂಬ ಸಮಾಧಾನಕ್ಕೆ ಜಾಗವಿಲ್ಲ.

ಪ್ರಶ್ನೆ: ಮೂರು ತಾಸು ಗಾಳ ಎಸೆದೆ. ಸರೋವರದ ನಡುವಿನವರೆಗೂ ಎಸೆದೆ. ನೀರು ಕನ್ನಡಿಯಂತಿತ್ತು, ಒಂದು ಮೀನೂ ಮುಟ್ಟಲಿಲ್ಲ. ಇಷ್ಟು ದೊಡ್ಡ ನೀರಿನಲ್ಲಿ ಟ್ರೌಟ್ ಎಲ್ಲಿರುತ್ತದೆಂದು ಹೇಗೆ ತಿಳಿಯುವುದು?

ಉತ್ತರ: ಬಹುಮಟ್ಟಿಗೆ ಅದು ನಿಮ್ಮ ಕಾಲಬುಡದಲ್ಲೇ ಇತ್ತು, ನೀವು ದಡಕ್ಕೆ ಬಂದು ನಿಂತ ಗಳಿಗೆಯಲ್ಲೇ ಹೊರಟುಹೋಯಿತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಎತ್ತರದ ಸರೋವರಗಳಲ್ಲಿ ಬರಿಗೈಯಲ್ಲಿ ಮರಳಿದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಹೊಳೆಯಲ್ಲಿ ಟ್ರೌಟ್ ಒಂದು ಬಂಡೆಯ ಮರೆಯಲ್ಲಿ ನಿಂತು, ಹರಿವು ಹೊತ್ತು ತರುವ ಆಹಾರಕ್ಕಾಗಿ ಕಾಯುತ್ತದೆ. ಸರೋವರದಲ್ಲಿ ನೀರು ನಿಂತಿರುವುದರಿಂದ ಮೀನೇ ಆಹಾರವನ್ನು ಹುಡುಕಿಕೊಂಡು ತಿರುಗಬೇಕಾಗುತ್ತದೆ. ಅದರ ಆಹಾರವಾದ ನುಸಿಗಳ ಮರಿಹುಳುಗಳು, ಸಣ್ಣ ಸಿಗಡಿಯಂಥ ಜೀವಿಗಳು, ಗಾಳಿಗೆ ಹಾರಿಬಂದು ನೀರಿಗೆ ಬಿದ್ದ ಇರುವೆ ಮತ್ತು ಜೀರುಂಡೆಗಳು ಇರುವುದು ಬೆಳಕು ತಳ ಮುಟ್ಟುವ ಆಳವಿಲ್ಲದ ಅಂಚಿನಲ್ಲಿ. ನಡುವಿನ ಕಡುನೀಲಿ ಆಳ ನೋಡಲು ಭವ್ಯವಾಗಿರುತ್ತದೆ, ಆದರೆ ಮೀನಿಗೆ ಅಲ್ಲಿ ತಿನ್ನಲು ಸಿಗುವುದು ಕಡಿಮೆ. ಹೀಗಾಗಿ ತಳ ತಟ್ಟನೆ ಇಳಿಯುವ ಗೆರೆಯನ್ನು, ಅಂದರೆ ನೀರಿನ ಬಣ್ಣ ಹಸಿರಿನಿಂದ ನೀಲಿಗೆ ತಿರುಗುವ ಜಾಗವನ್ನು, ಹಿಡಿದುಕೊಂಡು ಟ್ರೌಟ್ ದಡಕ್ಕೆ ಸಮಾನಾಂತರವಾಗಿ ಸುತ್ತು ಹಾಕುತ್ತದೆ. ಅಪಾಯ ಕಂಡರೆ ಒಂದೇ ಹೊರಳಿಗೆ ಆಳ ಸೇರಬಹುದು ಎಂಬ ಅನುಕೂಲವೂ ಅಲ್ಲಿದೆ.

ಒಮ್ಮೆ ಗಾಳವನ್ನು ಚೀಲದಿಂದ ತೆಗೆಯದೆ, ದಡದಿಂದ ಹತ್ತು ಹೆಜ್ಜೆ ಹಿಂದೆ ಬಂಡೆಗೊರಗಿ ಕುಳಿತು ನೀರನ್ನಷ್ಟೇ ನೋಡಿದ್ದೆ. ಮೊದಲು ಕಂಡದ್ದು ಮೀನಲ್ಲ, ತಳದ ತಿಳಿಹಳದಿ ಕಲ್ಲುಗಳ ಮೇಲೆ ಜಾರುತ್ತಿದ್ದ ಒಂದು ನೆರಳು. ಆ ನೆರಳಿಗಿಂತ ಒಂದು ಗೇಣು ಮೇಲೆ, ಬೆನ್ನಿನ ಬಣ್ಣ ನೀರಿನಲ್ಲಿ ಕರಗಿಹೋದಂತಿದ್ದ ಟ್ರೌಟ್ ಮೆಲ್ಲನೆ ಬಂತು, ಬಾಯಿಯ ಒಳಗಿನ ಬಿಳುಪು ಒಮ್ಮೆ ಮಿಂಚುವಂತೆ ಏನನ್ನೋ ಹೀರಿತು, ಮುಳುಗಿದ ಮರದ ದಿಮ್ಮಿಯನ್ನು ಬಳಸಿಕೊಂಡು ಕಣ್ಮರೆಯಾಯಿತು. ಹದಿನೈದು ನಿಮಿಷಗಳ ಮೇಲೆ ಅದೇ ಕಡೆಯಿಂದ ಅದೇ ದಾರಿಯಲ್ಲಿ ಮತ್ತೆ ಬಂತು. ಮೂರನೆಯ ಸುತ್ತಿಗೆ ನನ್ನ ಗಾಳ ದಿಮ್ಮಿಯ ಪಕ್ಕದಲ್ಲಿ ಮೊದಲೇ ಇಳಿದು ಕಾಯುತ್ತಿತ್ತು. ಮೀನಿನ ಮೇಲೆ ಎಸೆಯಬಾರದು, ಮೀನು ಬರುವ ದಾರಿಯಲ್ಲಿ ಎಸೆಯಬೇಕು ಎಂಬುದನ್ನು ಆ ದಿನ ಕಲಿತೆ.

ಕುಳಿತು ನೋಡಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನೀರಿನೊಳಗಿನಿಂದ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಸುಮಾರು 97 ಡಿಗ್ರಿ ಅಗಲದ ದುಂಡು ಕಿಂಡಿಯೊಂದರಲ್ಲಿ ಅಡಗಿರುತ್ತದೆ. ದಡದಲ್ಲಿ ಎದ್ದು ನಿಂತವನು ಆ ಕಿಂಡಿಯೊಳಗೆ ಎತ್ತರವಾಗಿ ಕಾಣುತ್ತಾನೆ, ಹಿಂದೆ ಸರಿದು ಕುಳಿತವನು ಅದರ ಅಂಚಿನಲ್ಲಿ ಕುಗ್ಗಿಹೋಗುತ್ತಾನೆ.

ನೋಡಲು ಎಲ್ಲಿ ಕುಳಿತುಕೊಳ್ಳಬೇಕು ಎಂದರೆ, ತೊರೆ ಬಂದು ಸೇರುವ ಬಾಯಿ ಮತ್ತು ನೀರು ಹೊರಬೀಳುವ ಕೋಡಿ, ಈ ಎರಡನ್ನು ಮೊದಲು ಆರಿಸಿಕೊಳ್ಳಿ. ತೊರೆ ಆಹಾರವನ್ನೂ ಆಮ್ಲಜನಕವನ್ನೂ ತರುತ್ತದೆ. ಆಮೇಲೆ ಗಾಳಿಯನ್ನು ಗಮನಿಸಿ. ಗಾಳಿ ಮೇಲ್ಪದರದ ನೀರನ್ನೂ ಅದರ ಮೇಲೆ ಬಿದ್ದ ಹುಳಗಳನ್ನೂ ಎದುರು ದಡಕ್ಕೆ ದೂಡುತ್ತದೆ, ಆದ್ದರಿಂದ ಮುಖಕ್ಕೆ ಗಾಳಿ ಬಡಿಯುವ ದಡದಲ್ಲಿ ಎಸೆಯುವುದು ಕಷ್ಟವಾದರೂ ಮೀನು ಇರುವುದು ಅಲ್ಲಿಯೇ. ಕನ್ನಡಿಯಂಥ ನೀರಿನಲ್ಲಿ, ಅದೂ ನಡುಮಧ್ಯಾಹ್ನ, ದಾರ ಬಿದ್ದ ಗೆರೆಗೂ ಮೀನು ಬೆದರುತ್ತದೆ. ಬೆಳಗಿನ ಎರಡು ತಾಸು ಮತ್ತು ಸೂರ್ಯ ಬೆಟ್ಟದ ಹಿಂದೆ ಸರಿದ ಮೇಲಿನ ಒಂದು ತಾಸನ್ನು ಗಾಳಕ್ಕೆ ಮೀಸಲಿಡಿ.

ಪ್ರಶ್ನೆ: ಬೆನ್ನ ಮೇಲೆ ಹೊರಲು ಹಗುರವಾಗಿರಬೇಕು. ಯಾವ ಸಾಮಾನು ಸಾಕು?

ಉತ್ತರ: ನಾಲ್ಕೈದು ತುಂಡಾಗಿ ಬಿಚ್ಚಬಹುದಾದ ಒಂದು ರಾಡ್, ಚಿಕ್ಕ ಸ್ಪಿನ್ನಿಂಗ್ ರೀಲ್, ಎರಡು ಕಿಲೋ ಭಾರ ತಡೆಯುವ ತೆಳು ದಾರ, ಮೂರು ನಾಲ್ಕು ಗ್ರಾಂ ತೂಕದ ಕೆಲವು ಸ್ಪಿನ್ನರುಗಳು (ಎಳೆದಾಗ ನೀರಿನಲ್ಲಿ ಗಿರಗಿರನೆ ತಿರುಗುವ ತಗಡಿನ ಹುಸಿ ಎರೆಗಳು) ಸಾಕು. ಇವುಗಳೊಡನೆ ನೀರು ತುಂಬಿಸಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಬೆಂಡನ್ನು ಮರೆಯದೆ ಇಟ್ಟುಕೊಳ್ಳಿ. ಅದನ್ನು ಅರ್ಧ ತುಂಬಿಸಿ, ಅದರ ಹಿಂದೆ ಒಂದು ಮಾರು ದಾರ ಬಿಟ್ಟು ಇರುವೆಯಷ್ಟು ಹಗುರವಾದ ಫ್ಲೈಯನ್ನು, ಅಂದರೆ ಹುಳದಂತೆ ಕಾಣುವ ಹುಸಿ ಎರೆಯನ್ನು, ಕಟ್ಟಿದರೆ, ಫ್ಲೈ ಎಸೆಯುವ ವಿದ್ಯೆ ಬಾರದವರೂ ಅದನ್ನು ದೂರಕ್ಕೆ ಕಳಿಸಬಹುದು. ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿಬಿಡಿ. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುವ ಮೊದಲು ಬೂಟು, ಬಲೆಗಳನ್ನು ತೊಳೆದು ಪೂರ್ತಿ ಒಣಗಿಸಿ. ಮೀನಿನ ರೋಗಗಳೂ ಪರಕೀಯ ಪಾಚಿಗಳೂ ಒದ್ದೆ ಅಟ್ಟೆಯಲ್ಲೇ ಪಯಣಿಸುತ್ತವೆ ಎಂಬ ಕಾರಣಕ್ಕೆ ನ್ಯೂಜಿಲೆಂಡ್ 2008ರಲ್ಲಿ ಉಣ್ಣೆಯಂಥ ಫೆಲ್ಟ್ ಅಟ್ಟೆಯ ಬೂಟುಗಳನ್ನು ಹಾಕಿಕೊಂಡು ಮೀನು ಹಿಡಿಯುವುದನ್ನೇ ನಿಷೇಧಿಸಿತು.

ಪ್ರಶ್ನೆ: ನಮಗೆ ಸಿಕ್ಕ ಮೀನುಗಳೆಲ್ಲ ಒಂದೇ ಅಳತೆಯವು, ತಲೆ ದೊಡ್ಡದು, ಮೈ ಸಣಕಲು. ಬೆನ್ನ ಮೇಲೆ ಹುಳು ಕೊರೆದಂಥ ಗೆರೆಗಳು, ಈಜುರೆಕ್ಕೆಗಳಿಗೆ ಬಿಳಿ ಅಂಚು ಇದ್ದವು. ಇವು ರೋಗದ ಮೀನುಗಳೇ? ಅಲ್ಲವಾದರೆ ಮರಿಗಳೆಂದು ಬಿಟ್ಟುಬಿಡಬೇಕಿತ್ತೇ?

ಉತ್ತರ: ರೋಗವಲ್ಲ, ಮರಿಗಳೂ ಅಲ್ಲ. ನಿಮ್ಮ ವರ್ಣನೆ ಬ್ರೂಕ್ ಟ್ರೌಟಿಗೆ ಚೆನ್ನಾಗಿ ಹೊಂದುತ್ತದೆ. ಉತ್ತರ ಅಮೆರಿಕದ ಪೂರ್ವಭಾಗದ ಈ ಮೀನು ವಾಸ್ತವವಾಗಿ ಚಾರ್ ಎಂಬ ಕುಲಕ್ಕೆ ಸೇರಿದ್ದು. ರೇನ್‌ಬೋ ಮತ್ತು ಕಟ್‌ಥ್ರೋಟ್ ಟ್ರೌಟುಗಳು ಮೊಟ್ಟೆಯಿಡಲು ಸಾಮಾನ್ಯವಾಗಿ ಹರಿಯುವ ನೀರನ್ನು ಬಯಸಿದರೆ, ಬ್ರೂಕ್ ಟ್ರೌಟ್ ಸರೋವರದ ತಳದಲ್ಲೇ ಒರತೆ ಉಕ್ಕುವ ಹರಳುಗಲ್ಲಿನ ನಡುವೆ ಮೊಟ್ಟೆಯಿಟ್ಟು ಸಂಸಾರ ಬೆಳೆಸಬಲ್ಲದು. ವರ್ಷದ ಹೆಚ್ಚು ಕಾಲ ಮಂಜುಗಡ್ಡೆ ಹೊದ್ದಿರುವ ನೀರಿನಲ್ಲಿ ಆಹಾರ ಅಷ್ಟಕ್ಕಷ್ಟೇ. ತಿನ್ನುವ ಬಾಯಿ ಹೆಚ್ಚಾದಾಗ ವಯಸ್ಸು ಏರುತ್ತದೆ, ಮೈ ಏರುವುದಿಲ್ಲ.

ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಿಮನದಿಗಳು ಕೊರೆದ ಇಂಥ ಎಷ್ಟೋ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ, ಏಕೆಂದರೆ ಕೆಳಗಿನ ಜಲಪಾತಗಳನ್ನು ಏರಿ ಬರಲು ಅವುಗಳಿಗೆ ಸಾಧ್ಯವಿರಲಿಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ 19ನೆಯ ಶತಮಾನದಿಂದೀಚೆಗೆ ಹೇಸರಗತ್ತೆಗಳ ಬೆನ್ನ ಮೇಲಿನ ಡಬ್ಬಗಳಲ್ಲಿ, ಆಮೇಲೆ ವಿಮಾನಗಳಿಂದಲೂ ಟ್ರೌಟ್ ಮರಿಗಳನ್ನು ತಂದು ಬಿಟ್ಟರು. ಅಲ್ಲಿನ ಹಳದಿ ಕಾಲಿನ ಬೆಟ್ಟಗಪ್ಪೆಗಳ ಗೊದಮೊಟ್ಟೆಗಳನ್ನು ಆ ಮೀನುಗಳು ತಿಂದು ಮುಗಿಸಿದವು. ಕೆಲವು ಸರೋವರಗಳಿಂದ ಮೀನನ್ನು ತೆಗೆದುಹಾಕಿದ ಮೇಲೆ ಕಪ್ಪೆಗಳು ಮರಳಿ ಹೆಚ್ಚಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆದ್ದರಿಂದ ಎಲ್ಲ ಮೀನನ್ನೂ ನೀರಿಗೆ ಮರಳಿಸುವುದೇ ಪುಣ್ಯವೆಂಬ ತೀರ್ಮಾನ ಬೇಡ. ಸ್ಥಳದ ನಿಯಮ ಒಪ್ಪಿದರೆ, ಕಿಕ್ಕಿರಿದ ಬ್ರೂಕ್ ಟ್ರೌಟುಗಳಲ್ಲಿ ಕೆಲವನ್ನು ಊಟಕ್ಕೆ ತೆಗೆದುಕೊಳ್ಳುವುದರಿಂದ ಆ ನೀರಿಗೆ ನಷ್ಟವಿಲ್ಲ. ಮೂಲನೆಲೆಯಲ್ಲೇ ಉಳಿದಿರುವ ತಳಿಗಳ ವಿಷಯ ಬೇರೆ, ಅವನ್ನು ಬಿಟ್ಟುಬಿಡಿ.

ಪ್ರಶ್ನೆ: ಮಧ್ಯಾಹ್ನ ದೂರದಲ್ಲಿ ಗುಡುಗು ಕೇಳಿಸುತ್ತದೆ, ಮಳೆಯಿರುವುದಿಲ್ಲ. ಗಾಳ ಮುಂದುವರಿಸಬಹುದೇ?

ಉತ್ತರ: ಬೇಡ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ಅರ್ಥ, ನಿಮ್ಮ ಕೈಯಲ್ಲಿರುವ ಗ್ರಾಫೈಟ್ ರಾಡ್ ವಿದ್ಯುತ್ತನ್ನು ಹರಿಸುವ ವಸ್ತು. ರಾಡನ್ನು ಕೆಳಗಿಟ್ಟು, ಬಯಲನ್ನೂ ದಡವನ್ನೂ ಒಂಟಿ ಮರವನ್ನೂ ಬಿಟ್ಟು ತಗ್ಗಿಗೆ ಇಳಿಯಿರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಮರಳಬೇಡಿ.

ಪ್ರಶ್ನೆ: ನೋಯಿಸಬಾರದೆಂದು ಜೋಪಾನವಾಗಿ ಬಿಟ್ಟ ಮೀನು ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಮೇಲಾಗಿ ತೇಲಿತು. ಅಂದಿನಿಂದ ಮನಸ್ಸಿಗೆ ಕಸಿವಿಸಿಯಾಗಿದೆ. ನಾನು ಮಾಡಿದ ತಪ್ಪೇನು?

ಉತ್ತರ: ನಿಮ್ಮ ಕಸಿವಿಸಿ ನನಗೆ ಅರ್ಥವಾಗುತ್ತದೆ, ನನ್ನ ಕೈಯಲ್ಲೂ ಹೀಗಾಗಿದೆ. ಬಹಳ ಸಲ ಕೊಕ್ಕೆಯ ಗಾಯಕ್ಕಿಂತ ಆಯಾಸವೇ ಮೀನನ್ನು ಕೊಲ್ಲುತ್ತದೆ. ತೆಳು ದಾರದಲ್ಲಿ ಹೆಚ್ಚು ಹೊತ್ತು ಆಡಿಸಿದ ಮೇಲೆ ಅದನ್ನು ಗಾಳಿಗೆ ಎತ್ತಿ ಫೋಟೋ ತೆಗೆಯುವುದೆಂದರೆ, ಓಡಿ ದಣಿದವನ ಮೂಗು ಹಿಡಿದಂತೆ. ನೀರು ಬೆಚ್ಚಗಿದ್ದರೆ ಇದು ಇನ್ನೂ ಕಠಿಣ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 20 ಡಿಗ್ರಿಗೆ ಅದು 9ಕ್ಕೆ ಇಳಿಯುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಎರಡೂ ಅಂಕಿಗಳು ಮತ್ತಷ್ಟು ಕುಸಿಯುತ್ತವೆ. ಚಿಕ್ಕ ಉಷ್ಣಮಾಪಕವೊಂದನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಡಿ. ಅದು 20 ಡಿಗ್ರಿಯ ಹತ್ತಿರ ತೋರಿಸಿದರೆ ಅಂದಿನ ಗಾಳ ಸಾಕು.

ಮೀನನ್ನು ಬೇಗ ದಡಕ್ಕೆ ತನ್ನಿ. ಮುಟ್ಟುವ ಮೊದಲು ಕೈಯನ್ನು ಒದ್ದೆ ಮಾಡಿಕೊಳ್ಳಿ, ಒಣಗೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆ ಲೋಳೆಯೇ ಅದಕ್ಕೆ ಸೋಂಕು ತಗಲದಂತೆ ಕಾಯುವ ಕವಚ. ಕೊಕ್ಕೆಯನ್ನು ಮೀನು ನೀರಿನಲ್ಲಿದ್ದಾಗಲೇ ಬಿಡಿಸಿ, ಎತ್ತಲೇಬೇಕಾದರೆ ಹತ್ತು ಸೆಕೆಂಡಿನೊಳಗೆ ಮತ್ತೆ ನೀರಿಗಿಳಿಸಿ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ. ಆಮೇಲೆ ಬಾಲದ ಬುಡವನ್ನು ಹಗುರವಾಗಿ ಹಿಡಿದು, ಇನ್ನೊಂದು ಅಂಗೈಯನ್ನು ಹೊಟ್ಟೆಯ ಕೆಳಗೆ ತಟ್ಟೆಯಂತೆ ಆನಿಸಿ, ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಾಯಿರಿ. ಕಿವಿರುಗಳು ಮೊದಲು ಅಡ್ಡಾದಿಡ್ಡಿ ಬಡಿಯುತ್ತವೆ, ಬರಬರುತ್ತಾ ಒಂದು ಲಯಕ್ಕೆ ಬರುತ್ತವೆ. ಬಾಲ ನಿಮ್ಮ ಬೆರಳುಗಳನ್ನು ತಾನಾಗಿ ತಳ್ಳುವವರೆಗೆ ಕೈ ತೆಗೆಯಬೇಡಿ.